ತಾಯಿಯ ತುತ್ತು, ಮಗುವಿನ ನಾಡಿ

ಬಸುರಿ ಹೆಂಗಸಿಗೆ ನಮ್ಮ ಹಳೆಯ ವೈದ್ಯಶಾಸ್ತ್ರವು ‘ದೌಹೃದಿನಿ’ ಎಂಬ ಸುಂದರವಾದ ಹೆಸರನ್ನು ಕೊಟ್ಟಿದೆ. ಎರಡು ಹೃದಯಗಳುಳ್ಳವಳು ಎಂದು ಇದರ ಅರ್ಥ. ನಾಲ್ಕನೆಯ ತಿಂಗಳಲ್ಲಿ ಗರ್ಭಸ್ಥ ಶಿಶುವಿನ ಹೃದಯವು ವ್ಯಕ್ತವಾಗುತ್ತದೆ. ಅದು ತನ್ನ ಬಯಕೆಯನ್ನು ತಾಯಿಯ ಬಾಯಿಂದ ನುಡಿಸುತ್ತದೆ. ಆ ಬಯಕೆಯನ್ನು ಕಡೆಗಣಿಸಿದರೆ ಮಗುವಿಗೆ ಊನ ತಪ್ಪದು ಎಂದು ಸುಶ್ರುತಸಂಹಿತೆಯ ಶಾರೀರಸ್ಥಾನವು ಎಚ್ಚರಿಸುತ್ತದೆ. ನಮ್ಮ ಮನೆಗಳ ಬಯಕೆಯೂಟದ ಹಿಂದಿರುವ ಭಾವನೆಯೂ ಇಂಥದೇ.

ಬಯಕೆ ತೀರದಿದ್ದರೆ ಊನವಾಗುವುದೆಂಬ ಮಾತನ್ನು ಇಂದಿನ ವೈದ್ಯರು ಒಪ್ಪರು. ಆದರೆ ತಾಯಿ ಉಂಡ ಅನ್ನಕ್ಕೂ, ಆಕೆಯ ಮಗು ಐವತ್ತರ ಪ್ರಾಯಕ್ಕೆ ಬಂದಾಗ ಅದರ ರಕ್ತದೊತ್ತಡಕ್ಕೂ ಸಂಬಂಧವುಂಟೆ ಎಂಬ ಪ್ರಶ್ನೆಯನ್ನು ಅವರು ಬಹಳ ಗಂಭೀರವಾಗಿ ಎತ್ತಿಕೊಂಡಿದ್ದಾರೆ. ಉತ್ತರದ ಮೊದಲ ಸುಳಿವು ಅವರಿಗೆ ದೊರೆತದ್ದು ಹಳೆಯ ಹೆರಿಗೆಯ ದಫ್ತರಗಳಲ್ಲಿ. ಅಂಥ ದಫ್ತರಗಳಲ್ಲೊಂದು ನಮ್ಮ ಮೈಸೂರಿನದೆಂಬುದು ಓದುಗರಿಗೆ ಸಂತೋಷದ ಸಂಗತಿಯಾದೀತು.

ಮೊದಲು ಇಂಗ್ಲೆಂಡಿಗೆ ಹೋಗೋಣ. ೧೮೯೯ರಿಂದ ೧೯೦೨ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಯರ್ ಯುದ್ಧಕ್ಕೆ ಸೇರಬಂದ ತರುಣರಲ್ಲಿ ಅನೇಕರು ದುರ್ಬಲದೇಹಿಗಳಾಗಿದ್ದುದನ್ನು ಕಂಡು ಆ ದೇಶವು ಬೆದರಿತು. ಶಿಶುಗಳ ಆರೈಕೆಯತ್ತ ಆಳುವವರ ಗಮನ ಹರಿಯಿತು. ಹರ್ಟ್‌ಫರ್ಡ್‌ಷೈರ್ ಎಂಬ ಪ್ರಾಂತದಲ್ಲಿ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ಮಹಿಳೆಯ ಮೇಲ್ವಿಚಾರಣೆಯಲ್ಲಿ ೧೯೧೧ರಿಂದ ಒಂದು ಕ್ರಮ ಆರಂಭವಾಯಿತು. ಹೆರಿಗೆ ಮಾಡಿಸಿದ ಸೂಲಗಿತ್ತಿಯು ಕೂಸಿನ ತೂಕವನ್ನು ಬರೆದಿಡಬೇಕು. ದಾದಿಯು ಮನೆಮನೆಗೆ ಹೋಗಿ, ಎದೆಹಾಲೋ ಸೀಸೆಹಾಲೋ ಎಂದು ಕೇಳಿ, ವರುಷ ತುಂಬಿದಾಗ ಮತ್ತೆ ತೂಗಬೇಕು. ಈ ಲೆಕ್ಕವನ್ನು ಬರೆದವರಿಗೆ ಅದು ಮುಂದೆ ಯಾವ ಉಪಯೋಗಕ್ಕೆ ಬಂದೀತೆಂಬ ಕಲ್ಪನೆಯೂ ಇದ್ದಿರಲಾರದು.

ಎಪ್ಪತ್ತು ವರುಷಗಳು ಉರುಳಿದವು. ಡೇವಿಡ್ ಬಾರ್ಕರ್ ಎಂಬ ವೈದ್ಯರು ೧೯೮೬ರಲ್ಲಿ ಒಂದು ವಿಚಿತ್ರವನ್ನು ತೋರಿಸಿಕೊಟ್ಟರು. ಹಿಂದೆ ಯಾವ ಪ್ರದೇಶಗಳಲ್ಲಿ ಕೂಸುಗಳು ಹೆಚ್ಚಾಗಿ ಸಾಯುತ್ತಿದ್ದುವೋ, ಈಗ ಅದೇ ಪ್ರದೇಶಗಳಲ್ಲಿ ವಯಸ್ಕರು ಹೃದ್ರೋಗದಿಂದ ಹೆಚ್ಚಾಗಿ ಸಾಯುತ್ತಿದ್ದರು. ಹೃದ್ರೋಗವು ಸಿರಿವಂತಿಕೆಯ ಕಾಯಿಲೆಯೆಂದು ಎಲ್ಲರೂ ನಂಬಿದ್ದ ಕಾಲವದು. ಬಾರ್ಕರರು ಹಳೆಯ ದಫ್ತರಗಳನ್ನು ಹುಡುಕಿಸಿದರು. ಹರ್ಟ್‌ಫರ್ಡ್‌ಷೈರಿನಲ್ಲಿ ೧೯೧೧ರಿಂದ ೧೯೩೦ರೊಳಗೆ ಹುಟ್ಟಿದ ೫,೬೫೪ ಗಂಡಸರ ಲೆಕ್ಕ ಸಿಕ್ಕಿತು. ಹುಟ್ಟಿದಾಗಲೂ ವರುಷ ತುಂಬಿದಾಗಲೂ ಯಾರ ತೂಕ ಬಹಳ ಕಡಿಮೆಯಿತ್ತೋ, ಅವರಲ್ಲಿಯೇ ಹೃದ್ರೋಗದ ಸಾವು ಹೆಚ್ಚೆಂದು ೧೯೮೯ರಲ್ಲಿ ಪ್ರಕಟವಾಯಿತು. ಮರುವರುಷ ಪ್ರೆಸ್ಟನ್ ಪಟ್ಟಣದ ದಾಖಲೆಗಳು ರಕ್ತದೊತ್ತಡದ ಮಾತನ್ನೂ ಆಡಿದವು. ಮಾಸು ದೊಡ್ಡದಾಗಿ ಕೂಸು ಚಿಕ್ಕದಾಗಿ ಹುಟ್ಟಿದವರಿಗೆ, ನಡುವಯಸ್ಸಿನಲ್ಲಿ ಒತ್ತಡವು ಎಲ್ಲರಿಗಿಂತ ಹೆಚ್ಚಾಗಿತ್ತು.

ಕೂಸಿನ ತೂಕವಿರಲಿ, ತಾಯಿ ಏನು ಉಂಡಳೆಂಬುದನ್ನೇ ಯಾರಾದರೂ ಬರೆದಿಟ್ಟಿದ್ದರೆ? ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಬರೆದಿಟ್ಟಿದ್ದರು. ೧೯೪೮ರಿಂದ ೧೯೫೪ರವರೆಗೆ, ಯುದ್ಧಾನಂತರದ ರೇಷನ್ ಇನ್ನೂ ಮುಗಿಯದಿದ್ದ ಕಾಲದಲ್ಲಿ, ಬಸುರಿಯರ ಊಟದ ವಿವರವನ್ನು ಅಲ್ಲಿ ದಾಖಲಿಸಿದ್ದರು. ಅವರಿಗೆ ಹುಟ್ಟಿದ ೨೫೩ ಮಂದಿಯ ರಕ್ತದೊತ್ತಡವನ್ನು ನಲವತ್ತು ವರುಷಗಳ ತರುವಾಯ ಅಳೆದರು. ಮಾಂಸ, ಹಾಲು, ಮೊಟ್ಟೆಗಳ ಪ್ರೋಟೀನು ಕಡಿಮೆಯಾಗಿ ಪಿಷ್ಟವೇ ಹೆಚ್ಚಾದರೂ ಮಕ್ಕಳ ಒತ್ತಡ ಏರಿತ್ತು. ಪ್ರೋಟೀನು ಬಹಳವಾಗಿ ಪಿಷ್ಟ ಕಡಿಮೆಯಾದರೂ ಏರಿತ್ತು. ಹೊಟ್ಟೆ ತುಂಬಿದರೆ ಸಾಲದು, ತಟ್ಟೆಯಲ್ಲಿ ಸಮತೂಕವೂ ಇರಬೇಕೆಂಬ ಸೂಚನೆ ಇದರಲ್ಲಿದೆ.

ಇನ್ನು ಮೈಸೂರು. ೧೯೦೬ರಲ್ಲಿ ತೆರೆದ, ಜನರು ಮಿಷನ್ ಆಸ್ಪತ್ರೆಯೆಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೩೪ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಅಲ್ಲಿ ೧೯೫೪ರೊಳಗೆ ಹುಟ್ಟಿ, ಊರಲ್ಲೇ ಉಳಿದಿದ್ದ ೫೧೭ ಮಂದಿಯನ್ನು ಪತ್ತೆಮಾಡಿ ಪರೀಕ್ಷಿಸಿದ ಫಲವು ೧೯೯೬ರಲ್ಲಿ ಹೊರಬಂದಿತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ ೧೧ ಮಂದಿಗೆ ಹೃದ್ರೋಗವಿತ್ತು, ೩.೧ ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಗಿದವರಲ್ಲಿ ೩ ಮಂದಿಗೆ ಮಾತ್ರ. ತಾಯಿಯೂ ಸಣಕಲಾಗಿ ಕೂಸೂ ಸಣಕಲಾಗಿದ್ದಲ್ಲಿ ರೋಗವು ಎಲ್ಲಕ್ಕಿಂತ ಹೆಚ್ಚು.

ಇಲ್ಲಿ ಒಂದು ಸತ್ಯವನ್ನು ಮರೆಮಾಚಬಾರದು. ಇದೇ ಮೈಸೂರಿನ ಜನರ ರಕ್ತದೊತ್ತಡವನ್ನು ಅಳೆದು ೨೦೦೦ದಲ್ಲಿ ಪ್ರಕಟಿಸಿದಾಗ, ಅದಕ್ಕೂ ಹುಟ್ಟಿನ ತೂಕಕ್ಕೂ ಸಂಬಂಧ ಕಾಣಲಿಲ್ಲ. ಪ್ರೆಸ್ಟನ್ನಿನ ಸೂತ್ರವನ್ನು ಎಲ್ಲ ಊರಿಗೂ ಹಾಗೆಯೇ ಹೊಂದಿಸಲಾಗದು. ತೂಕವೆಂಬುದು ಹೊರಗಿನ ಗುರುತು. ಒಳಗೆ ನಡೆದದ್ದೇನು ಎಂಬುದನ್ನು ಬೇರೆ ದಾರಿಯಿಂದ ಹುಡುಕಬೇಕಾಯಿತು.

ಆ ದಾರಿಯು ಮೂತ್ರಪಿಂಡದವರೆಗೆ ಹೋಗುತ್ತದೆ. ರಕ್ತವನ್ನು ಶೋಧಿಸಿ ಉಪ್ಪುನೀರಿನ ಪ್ರಮಾಣವನ್ನು ಕಾಯುವ ಸಣ್ಣ ಸೋಸುಗಗಳು ಅಲ್ಲಿ ಲಕ್ಷಗಟ್ಟಲೆ ಇವೆ. ಅವು ಗರ್ಭದಲ್ಲಿಯೇ ರೂಪುಗೊಳ್ಳಬೇಕು. ತಿಂಗಳು ತುಂಬಿ ಹುಟ್ಟಿದ ಕೂಸಿಗೆ ಆಮೇಲೆ ಹೊಸದೊಂದೂ ಸೇರದು. ಅಪಘಾತದಲ್ಲಿ ಮಡಿದವರ ಮೂತ್ರಪಿಂಡಗಳನ್ನು ಜರ್ಮನಿಯಲ್ಲಿ ಪರೀಕ್ಷಿಸಿದಾಗ, ಒತ್ತಡವಿಲ್ಲದವರ ಒಂದೊಂದು ಪಿಂಡದಲ್ಲಿ ಸುಮಾರು ೧೪ ಲಕ್ಷ ಸೋಸುಗಗಳೂ ಒತ್ತಡದ ರೋಗಿಗಳಲ್ಲಿ ಸುಮಾರು ೭ ಲಕ್ಷವೂ ಇದ್ದುವೆಂದು ೨೦೦೩ರಲ್ಲಿ ತಿಳಿದುಬಂದಿತು. ಅದಕ್ಕೆ ಮುಂಚೆಯೇ, ೧೯೯೪ರಲ್ಲಿ, ಸೌತಾಂಪ್ಟನ್ನಿನ ಸಂಶೋಧಕರು ಬಸುರಿ ಇಲಿಗಳಿಗೆ ಪ್ರೋಟೀನನ್ನು ಕಡಿಮೆ ಮಾಡಿ ನೋಡಿದ್ದರು. ಎಷ್ಟು ಕಡಿಮೆಯೋ ಅಷ್ಟಷ್ಟು ಮರಿಗಳ ರಕ್ತದೊತ್ತಡ ಏರಿತ್ತು.

ಇಲ್ಲಿ ಸೊಪ್ಪು, ತರಕಾರಿ, ಹಣ್ಣುಗಳ ಪ್ರವೇಶವಾಗುತ್ತದೆ. ರಕ್ತನಾಳದ ಒಳಪದರವು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಉತ್ಪತ್ತಿಮಾಡಿ ನಾಳವನ್ನು ಸಡಿಲಿಸುತ್ತದೆ. ದೇಹದಲ್ಲಿ ಹುಟ್ಟುವ ಕೆಲವು ಉಗ್ರ ಕಣಗಳು ಈ ಅನಿಲವನ್ನು ಹಾಳುಮಾಡುತ್ತವೆ, ನಾಳವು ಬಿಗಿಯುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿದಂತೆ ಎನ್ನಿ. ಆ ತುಕ್ಕನ್ನು ತಡೆಯುವ ವಸ್ತುಗಳಿಗೆ ಆಂಟಿಆಕ್ಸಿಡೆಂಟುಗಳೆಂದು ಹೆಸರು. ನೆಲ್ಲಿಕಾಯಿ, ನುಗ್ಗೆಸೊಪ್ಪು, ಹರಿವೆ, ದ್ರಾಕ್ಷಿಯ ಸಿಪ್ಪೆ ಇವುಗಳಲ್ಲೆಲ್ಲ ಅವುಂಟು. ದ್ರಾಕ್ಷಿಸಿಪ್ಪೆಯ ರೆಸ್ವೆರಟ್ರಾಲ್ ಎಂಬ ಸತ್ತ್ವವನ್ನು ರಕ್ತದೊತ್ತಡದ ತಳಿಯ ಬಸುರಿ ಇಲಿಗಳಿಗೆ ಉಣಿಸಿದಾಗ ಮರಿಗಳಲ್ಲಿ ಒತ್ತಡ ಅಷ್ಟಾಗಿ ಏರಲಿಲ್ಲವೆಂದು ೨೦೧೬ರಲ್ಲಿ ವರದಿಯಾಯಿತು.

ಹಾಗಾದರೆ ಬಸುರಿಗೆ ಆ ಸತ್ತ್ವದ ಗುಳಿಗೆಯನ್ನೇ ಕೊಟ್ಟುಬಿಡೋಣವೆ? ಅವಸರ ಬೇಡ. ಅದೇ ವಸ್ತುವನ್ನು ಬಸುರಿ ಕೋತಿಗಳಿಗೆ ಕೊಟ್ಟಾಗ ಗರ್ಭದ ಮರಿಗಳ ಮೇದೋಜೀರಕ ಗ್ರಂಥಿಯ ಬೆಳವಣಿಗೆ ಹದಗೆಟ್ಟಿತ್ತೆಂದು ೨೦೧೪ರಲ್ಲಿಯೇ ತಿಳಿದಿತ್ತು. ಬ್ರಿಟನ್ನಿನಲ್ಲಿ ೨,೪೧೦ ಬಸುರಿಯರನ್ನು ಆಯ್ದು, ಒಂದು ಗುಂಪಿಗೆ ‘ಸಿ’ ಮತ್ತು ‘ಇ’ ಜೀವಸತ್ತ್ವಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟ ಪರೀಕ್ಷೆಯ ಫಲ ೨೦೦೬ರಲ್ಲಿ ಬಂದಿತು. ಬಸುರಿನ ನಂಜು ತಗ್ಗಲಿಲ್ಲ. ಕಡಿಮೆ ತೂಕದ ಕೂಸುಗಳೇ ಹೆಚ್ಚಾದವು.

ಸೊಪ್ಪಿನ ಮಾತು ಬೇರೆ. ಪುಣೆಯ ಬಳಿಯ ಆರು ಹಳ್ಳಿಗಳಲ್ಲಿ ಬಸುರಿಯರ ಊಟವನ್ನು ಗಮನಿಸಿ ೨೦೦೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಟ್ಟು ಉಂಡ ಅನ್ನದ ಪ್ರಮಾಣಕ್ಕೂ ಕೂಸಿನ ಗಾತ್ರಕ್ಕೂ ಸಂಬಂಧ ಕಾಣಲಿಲ್ಲ. ಹಸಿರು ಸೊಪ್ಪು, ಹಣ್ಣು, ಹಾಲುಗಳನ್ನು ಮತ್ತೆ ಮತ್ತೆ ತಿಂದವರ ಕೂಸುಗಳು ದಷ್ಟಪುಷ್ಟವಾಗಿದ್ದವು. ಸೊಪ್ಪು ತಿಂದವಳ ಮಗನಿಗೆ ರಕ್ತದೊತ್ತಡವೇ ಬಾರದೆಂದು ಇದರಿಂದ ಸಾಧಿಸಿದಂತಾಗಲಿಲ್ಲ. ಸೊಪ್ಪಿನಲ್ಲಿ ಆಂಟಿಆಕ್ಸಿಡೆಂಟುಗಳ ಜೊತೆಗೆ ಫೋಲೇಟು, ಕಬ್ಬಿಣ ಮೊದಲಾದುವೂ ಇವೆ. ಗುಣವು ಯಾವುದೊಂದರದೂ ಅಲ್ಲದೆ ಕೂಟದ್ದಾಗಿರಬಹುದು. ಹುಟ್ಟುವಾಗ ಸಣ್ಣಗಿದ್ದವರೂ ಹಣೆಬರಹವೆಂದು ಕೈಚೆಲ್ಲಬೇಕಾಗಿಲ್ಲ. ಕಾಲಕಾಲಕ್ಕೆ ಒತ್ತಡವನ್ನು ಅಳೆಸಿಕೊಂಡು, ಉಪ್ಪನ್ನು ಹಿಡಿತದಲ್ಲಿಟ್ಟು, ವೈದ್ಯರು ಹೇಳಿದಂತೆ ನಡೆದರೆ ಅಪಾಯವನ್ನು ದೂರವಿಡಬಹುದು.

ಓದುಗರೇ, ಬಯಕೆಯೂಟದ ದಿನ ನಾವು ಬಸುರಿಯನ್ನು ಮಣೆಯ ಮೇಲೆ ಕೂರಿಸಿ, ಐದು ಬಗೆಯ ಚಿತ್ರಾನ್ನ ಬಡಿಸಿ, ಆರತಿ ಎತ್ತುತ್ತೇವೆ. ಮಾರನೆಯ ದಿನದಿಂದ ಆಕೆ ಎಲ್ಲರಿಗೂ ಬಡಿಸಿ, ಪಾತ್ರೆಯ ತಳದಲ್ಲಿ ಉಳಿದ ಸಾರಿಗೆ ಅನ್ನ ಕಲಸಿಕೊಳ್ಳುವವಳಾದರೆ ಆ ಒಂದು ದಿನದ ಸಂಭ್ರಮದಿಂದ ಬಂದ ಭಾಗ್ಯವೇನು? ಮೈಸೂರಿನ ಸಣಕಲು ತಾಯಂದಿರು ಬಸುರಾದ ಮೇಲೆ ಸಣಕಲಾದವರಲ್ಲ; ಹುಡುಗಿಯರಾಗಿದ್ದಾಗಲೇ ಅವರ ತಟ್ಟೆಗೆ ಕಡಿಮೆ ಬಿದ್ದಿರಬೇಕು. ಆದುದರಿಂದ ಈ ಆರೈಕೆಯು ಸೀಮಂತದ ಮಣೆಯಿಂದಲ್ಲ, ಮನೆಯ ಹೆಣ್ಣುಮಗುವಿನ ತಟ್ಟೆಯಿಂದಲೇ ಮೊದಲಾಗತಕ್ಕದ್ದು. ಈ ರಾತ್ರಿ ಪಂಕ್ತಿಯಲ್ಲಿ ಸೊಪ್ಪಿನ ಪಲ್ಯ ಅವಳವರೆಗೂ ಬಂದಿತೆ ಎಂದು ಒಮ್ಮೆ ನೋಡಿರಿ.