ಕೈಗೇನ್ ಆಗಿಲ್ಲಲ್ರಿ ಕಾಕಾ!

ಮುಂಬಯಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಅಷ್ಟೂ ವರ್ಷ ಬ್ಯಾಂಕಿನಲ್ಲಿ ಲೆಕ್ಕ ನೋಡಿದವನು ನಾನು. ಆದರೆ ಹತ್ತು ವರ್ಷದ ಹುಡುಗನೊಬ್ಬ ಒಂದು ದೀಪಾವಳಿಯ ದಿನ ನನ್ನ ಲೆಕ್ಕವೇ ತಪ್ಪು ಎಂದು ತೋರಿಸಿಕೊಟ್ಟ.

ನಡೆದದ್ದು ಇಷ್ಟು. ಹಬ್ಬದ ರಜೆಯಲ್ಲಿ ನಮ್ಮ ಬ್ಯಾಂಕಿನ ಏಳೆಂಟು ಜನ ಸೇರಿ ಉಪನಗರದ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಹೋಗಿದ್ದೆವು. ಕೈಯಲ್ಲಿ ಚಕ್ಕುಲಿ, ಲಾಡು, ಬಣ್ಣದ ಪೆನ್ಸಿಲ್ಲಿನ ಡಬ್ಬಿ. ಹಾಸಿಗೆಗೆ ಒಂದೊಂದು ಪೊಟ್ಟಣ, ಪೊಟ್ಟಣಕ್ಕೆ ಒಂದೊಂದು ಫೋಟೋ. ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿದಿತ್ತು. ಕೊನೆಯ ಹಾಸಿಗೆಯಲ್ಲಿ ಅಕ್ಕಲಕೋಟೆಯ ಕಡೆಯ ಹುಡುಗ. ತೊಡೆಯ ತನಕ ಪ್ಲಾಸ್ಟರ್. ನಾನು ಕನ್ನಡದವನೆಂದು ತಿಳಿದದ್ದೇ ತಡ, ಪೊಟ್ಟಣ ಪಕ್ಕಕ್ಕಿಟ್ಟು ಕೇಳಿದ, "ಕಾಕಾ, ಚೆಂಡ್ ಐತೇನ್ರಿ?"

"ಮೊದಲು ಕಾಲು ವಾಸಿಯಾಗಲಿ ಮರಿ, ಆಮೇಲೆ ಆಡುವೆಯಂತೆ" ಎಂದೆ, ದೊಡ್ಡವರು ಹೇಳುವ ಹಾಗೆ.

"ಕಾಲಿಗಷ್ಟ ಆಗೇತ್ರಿ. ಕೈಗೇನ್ ಆಗಿಲ್ಲಲ್ರಿ ಕಾಕಾ!"

ನನ್ನಲ್ಲಿ ಉತ್ತರ ಇರಲಿಲ್ಲ. ನಕ್ಕು, ತಲೆ ಸವರಿ, ಲೋಕಲ್ ಟ್ರೈನು ಹಿಡಿದು ಮನೆಗೆ ಬಂದೆ. ಆದರೆ ಆ ಮಾತು ಮಾತ್ರ ಬೆನ್ನು ಬಿಡಲಿಲ್ಲ. ನಾನು ಬಿ.ಕಾಂ. ಓದಿದವನು, ವೈದ್ಯಶಾಸ್ತ್ರ ನನಗೇನು ಗೊತ್ತು? ಹೀಗಾಗಿ ಹುಡುಕಿ ಹುಡುಕಿ ಓದತೊಡಗಿದೆ. ಆ ಹುಡುಗ ಹೇಳಿದ ಮಾತನ್ನೇ ಹಿಡಿದು ಎಂಬತ್ತು ವರ್ಷಗಳ ಹಿಂದೆ ಒಬ್ಬ ಡಾಕ್ಟರು ಜಗತ್ತಿನ ಒಂದು ಇತಿಹಾಸವನ್ನೇ ತಿರುಗಿಸಿದ್ದರು ಎಂದು ಆಗ ಗೊತ್ತಾಯಿತು. ಆ ಕಥೆ ನಿಮಗೂ ಹೇಳಬೇಕೆನಿಸಿದೆ.

ಅವರ ಹೆಸರು ಲುಡ್ವಿಗ್ ಗುಟ್‌ಮನ್. 1899ರಲ್ಲಿ ಹುಟ್ಟಿದ ಯಹೂದಿ, ಜರ್ಮನಿಯಲ್ಲಿ ಹೆಸರು ಮಾಡಿದ್ದ ನರರೋಗ ತಜ್ಞ. ಹಿಟ್ಲರನ ಕಾಟಕ್ಕೆ 1939ರಲ್ಲಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ಬಂದರು. ಅವರೂ ನಮ್ಮ ಹಾಗೆ ಊರು ಬಿಟ್ಟವರೇ, ಆದರೆ ನಮ್ಮ ಹಾಗೆ ನೌಕರಿಗಾಗಿ ಅಲ್ಲ, ಜೀವ ಉಳಿಸಿಕೊಳ್ಳಲು! 1944ರ ಫೆಬ್ರವರಿ 1ರಂದು ಸ್ಟೋಕ್ ಮ್ಯಾಂಡೆವಿಲ್ ಎಂಬಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರಿಗಾಗಿ ಒಂದು ವಿಭಾಗ ತೆರೆದು ಅವರ ಕೈಗೆ ಕೊಟ್ಟರು.

ಆ ಕಾಲದಲ್ಲಿ ಬೆನ್ನುಹುರಿ ತುಂಡಾಯಿತು ಎಂದರೆ ಕಥೆ ಮುಗಿಯಿತು ಎಂದೇ ಲೆಕ್ಕ. ಹೆಚ್ಚಿನವರು ಹಾಸಿಗೆ ಹುಣ್ಣು, ಮೂತ್ರಕೋಶದ ಸೋಂಕಿನಿಂದಲೇ ಸಾಯುತ್ತಿದ್ದರು. ಬ್ಯಾಂಕಿನ ಭಾಷೆಯಲ್ಲಿ ಹೇಳಬೇಕೆಂದರೆ, ಇಪ್ಪತ್ತು ಇಪ್ಪತ್ತೆರಡರ ಹುಡುಗರನ್ನು 'ರೈಟ್ ಆಫ್' ಮಾಡಿಬಿಡುತ್ತಿದ್ದರು. ಗುಟ್‌ಮನ್ ಅದನ್ನು ಒಪ್ಪಲಿಲ್ಲ. ಎರಡು ಗಂಟೆಗೊಮ್ಮೆ ಪ್ರತಿ ರೋಗಿಯನ್ನೂ ಮಗ್ಗುಲು ಬದಲಿಸಿ ಮಲಗಿಸಬೇಕು ಎಂದು ನಿಯಮ ಮಾಡಿದರು. ರಾತ್ರಿ ತಾವೇ ಬಂದು ನೋಡುತ್ತಿದ್ದರು. ಹುಣ್ಣು ಕಡಿಮೆಯಾಯಿತು, ಜೀವ ಉಳಿಯಿತು. ಉಳಿದ ಜೀವಕ್ಕೆ ಮಾಡಲು ಏನು ಕೆಲಸ?

ಉತ್ತರ ಕೊಟ್ಟವರು ರೋಗಿಗಳೇ. ಒಂದು ದಿನ ಹುಡುಗರು ಗಾಲಿಕುರ್ಚಿಯಲ್ಲಿ ಕೂತು, ಊರುಗೋಲನ್ನು ತಿರುವು ಮುರುವು ಹಿಡಿದು ಒಂದು ಬಿಲ್ಲೆಯನ್ನು ಹೊಡೆದಾಡುತ್ತಿದ್ದರು. ಡಾಕ್ಟರು ಗದರಲಿಲ್ಲ. ಕಾಲು ಹೋದರೂ ಕೈ, ಭುಜ, ಕಣ್ಣು ಎಲ್ಲ ಇವೆಯಲ್ಲ, ಆಟವೇ ಔಷಧಿ ಆಗಬಹುದಲ್ಲ ಎಂದುಕೊಂಡರು. ಬಿಲ್ಲುಗಾರಿಕೆ, ಟೇಬಲ್ ಟೆನಿಸ್, ನೆಟ್‌ಬಾಲ್ ಒಂದೊಂದಾಗಿ ಬಂದವು. ಬಿಲ್ಲು ಎಳೆದರೆ ಭುಜಕ್ಕೆ ಬಲ, ಕೂತಲ್ಲೇ ಸಮತೋಲ, ಮನಸ್ಸಿಗೆ ಗುರಿ. ತನ್ನ ರೋಗಿಗಳನ್ನು ಮತ್ತೆ ತೆರಿಗೆ ಕಟ್ಟುವ ಪ್ರಜೆಗಳನ್ನಾಗಿ ಮಾಡುವುದೇ ಗುರಿ ಎನ್ನುತ್ತಿದ್ದರಂತೆ!

1948ರ ಜುಲೈ 29. ಲಂಡನ್ನಿನಲ್ಲಿ ಒಲಿಂಪಿಕ್ಸ್ ಉದ್ಘಾಟನೆಯ ದಿನ. ಅದೇ ದಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ 16 ಜನ, 14 ಗಂಡಸರು, 2 ಹೆಂಗಸರು, ಗಾಲಿಕುರ್ಚಿಯಲ್ಲಿ ಕೂತು ಬಿಲ್ಲು ಹಿಡಿದರು. 1952ರಲ್ಲಿ ಹಾಲೆಂಡಿನವರು ಬಂದು ಸೇರಿದರು. 1960ರಲ್ಲಿ ರೋಮಿಗೆ ಹೋದಾಗ 23 ದೇಶಗಳ ಸುಮಾರು 400 ಜನ. ಇಂದು ನಾವು ಪ್ಯಾರಾಲಿಂಪಿಕ್ಸ್ ಎನ್ನುತ್ತೇವಲ್ಲ, ಅದು ಹುಟ್ಟಿದ್ದು ಆಸ್ಪತ್ರೆಯ ಅಂಗಳದಲ್ಲಿ.

ಇದು ಸೈನಿಕರ ಕಥೆ, ಮಕ್ಕಳದ್ದೇನು ಎಂದು ನೀವು ಕೇಳಬಹುದು. ಆಗ ಅದೇ ಇಂಗ್ಲೆಂಡಿನ ಎಷ್ಟೋ ಆಸ್ಪತ್ರೆಗಳಲ್ಲಿ ಮಗುವನ್ನು ನೋಡಲು ಅಪ್ಪ ಅಮ್ಮನಿಗೆ ಸಿಗುತ್ತಿದ್ದದ್ದು ವಾರಕ್ಕೆ ಕೆಲವೇ ಗಂಟೆ. ಬಂದು ಹೋದರೆ ಮಗು ಅಳುತ್ತದೆ, ಆದ್ದರಿಂದ ಬರದಿರುವುದೇ ಒಳ್ಳೆಯದು ಎಂಬ ವಾದ. ಜೇಮ್ಸ್ ರಾಬರ್ಟ್‌ಸನ್ ಎಂಬವರು 1952ರಲ್ಲಿ ಆಸ್ಪತ್ರೆ ಸೇರಿದ ಎರಡು ವರ್ಷದ ಮಗುವಿನ ಬಗ್ಗೆ ಒಂದು ಚಿತ್ರ ತೆಗೆದು ತೋರಿಸಿದರು. ಅಳದೆ ಸುಮ್ಮನಿರುವ ಮಗು ಸುಖವಾಗಿದೆ ಎಂದೇನೂ ಅಲ್ಲ ಎಂಬುದೇ ಅದರ ಸಾರ. 1959ರಲ್ಲಿ ಸರ್ಕಾರಿ ಸಮಿತಿಯೊಂದರ ವರದಿ ಬಂತು. ಪ್ಲಾಟ್ ವರದಿ ಎನ್ನುತ್ತಾರೆ. ಪೋಷಕರಿಗೆ ಬಾಗಿಲು ತೆರೆಯಿರಿ, ವಾರ್ಡಿನಲ್ಲಿ ಮಕ್ಕಳಿಗೆ ಆಟ, ಪಾಠ ಎರಡೂ ಇರಲಿ ಎಂದಿತು.

ಇನ್ನು ನಮ್ಮ ಕಡೆಗೆ ಬರೋಣ. ಮುಂಬಯಿಯ ಫಾತಿಮಾ ಇಸ್ಮಾಯಿಲ್ ಅವರ ಪುಟ್ಟ ಮಗಳಿಗೆ ಪೋಲಿಯೊ ಆಯಿತು. ಆ ತಾಯಿ ತನ್ನ ಮಗಳ ಆರೈಕೆಗಷ್ಟೇ ನಿಲ್ಲದೆ 1947ರಲ್ಲಿ ಇಂಥ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನೇ ಕಟ್ಟಿದರು. ಬೆನ್ನಿಗೆ ನಿಂತವರಲ್ಲಿ ನಮ್ಮ ಕರಾವಳಿ ಮೂಲದ ಶಸ್ತ್ರವೈದ್ಯ ಡಾ. ಎ.ವಿ. ಬಾಳಿಗಾ ಒಬ್ಬರು. ಹಾಜಿ ಅಲಿಯ ಮಕ್ಕಳ ಮೂಳೆ ಆಸ್ಪತ್ರೆ ಬೆಳೆದದ್ದು ಅಲ್ಲಿಂದ.

ಇದೇ ಮುಂಬಯಿಯ ನೌಕಾಪಡೆಯ ಅಶ್ವಿನಿ ಆಸ್ಪತ್ರೆಯಲ್ಲಿ 1965ರ ಯುದ್ಧದ ನಂತರ ಒಬ್ಬ ಯುವ ಬಾಕ್ಸರ್ ಮಲಗಿದ್ದರು. ಸಾಂಗ್ಲಿ ಜಿಲ್ಲೆಯ ಮುರಳಿಕಾಂತ ಪೇಟ್ಕರ್. ಮೈಗೆ 9 ಗುಂಡು, ಒಂದು ಬೆನ್ನಿನಲ್ಲೇ ಉಳಿಯಿತು. ಚಿಕಿತ್ಸೆಗೆಂದು ನೀರಿಗೆ ಇಳಿಸಿದರು. 1972ರಲ್ಲಿ ಜರ್ಮನಿಯ ಹೈಡಲ್‌ಬರ್ಗಿನಲ್ಲಿ 50 ಮೀಟರ್ ಈಜನ್ನು 37.33 ಸೆಕೆಂಡುಗಳಲ್ಲಿ ಮುಗಿಸಿ ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ ತಂದರು. ಅವರ ಪ್ರಯಾಣಕ್ಕೆ ನೆರವಾದವರು ಕ್ರಿಕೆಟಿಗ ವಿಜಯ್ ಮರ್ಚೆಂಟ್. ಪದ್ಮಶ್ರೀ ಬಂದದ್ದು ಮಾತ್ರ 2018ರಲ್ಲಿ!

ಬ್ಯಾಂಕಿನವನಾದ ನನಗೆ ಇನ್ನೂ ಹತ್ತಿರದ ಹೆಸರು ಮಾಲತಿ ಹೊಳ್ಳ. 1958ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ವರ್ಷ ತುಂಬುವ ಹೊತ್ತಿಗೆ ಪೋಲಿಯೊ. ದುರ್ಗಾಬಾಯಿ ದೇಶಮುಖ್ ಕಟ್ಟಿದ ಆಂಧ್ರ ಮಹಿಳಾ ಸಭಾದ ಮೂಳೆ ಚಿಕಿತ್ಸಾ ಕೇಂದ್ರದಲ್ಲಿ, ಚೆನ್ನೈನಲ್ಲಿ, ಸುಮಾರು 15 ವರ್ಷ ಬೆಳೆದರು. 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ. ಅಂಥವರು ಗಾಲಿಕುರ್ಚಿ ಓಟ, ಗುಂಡು, ಡಿಸ್ಕಸ್, ಜಾವೆಲಿನ್ ಎಸೆತಗಳಲ್ಲಿ ದೇಶವಿದೇಶ ಸುತ್ತಿದರು. 1988ರ ಸೋಲ್ ಪ್ಯಾರಾಲಿಂಪಿಕ್ಸ್‌ಗೂ ಹೋದರು. ಜೊತೆಗೆ ಸಿಂಡಿಕೇಟ್ ಬ್ಯಾಂಕಿನಲ್ಲಿ ಮ್ಯಾನೇಜರ್! (2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾದ ನಮ್ಮ ಉಡುಪಿಯ ಆ ಬ್ಯಾಂಕು ಯಾರಿಗೆ ನೆನಪಿಲ್ಲ?) 2001ರಲ್ಲಿ ಪದ್ಮಶ್ರೀ. ಆಮೇಲೆ ಮಾತೃ ಫೌಂಡೇಷನ್ ಕಟ್ಟಿ ಅಂಗವಿಕಲ ಮಕ್ಕಳಿಗೆ ಆಸರೆಯಾದರು. ಚಿಕ್ಕಂದಿನಲ್ಲಿ ಪಡೆದದ್ದನ್ನು ಬಡ್ಡಿ ಸಮೇತ ತೀರಿಸುವುದು ಎಂದರೆ ಇದೇ ಅಲ್ಲವೇ?

2014ರಲ್ಲಿ ಭಾರತವನ್ನು ಪೋಲಿಯೊ ಮುಕ್ತ ಎಂದು ಘೋಷಿಸಲಾಯಿತು. ಪೋಲಿಯೊ ಹೋಯಿತು, ಆದರೆ ಮಕ್ಕಳ ವಾರ್ಡುಗಳು ಖಾಲಿಯಾಗಿಲ್ಲ. ಅಪಘಾತ, ಕ್ಯಾನ್ಸರ್, ಹುಟ್ಟಿನಿಂದ ಬಂದ ತೊಂದರೆಗಳು ಇದ್ದೇ ಇವೆ.

ಇಷ್ಟು ಓದಿ ಮುಗಿಸುವಷ್ಟರಲ್ಲಿ ಮೂರು ವಾರ ಕಳೆದಿತ್ತು. ವಾರ್ಡಿನ ಸಿಸ್ಟರಿಗೂ ಫಿಸಿಯೋಥೆರಪಿಸ್ಟ್ ಮೇಡಮ್ಮಿಗೂ ಫೋನು ಮಾಡಿ ಕೇಳಿದೆ, ಚೆಂಡು ತರಬಹುದೇ ಎಂದು. ಸ್ಪಂಜಿನದ್ದು, ತೊಳೆದದ್ದು, ಯಾರು ಆಡಬಹುದು ಎಂದು ನಾವು ಹೇಳುತ್ತೇವೆ, ಶೀತ ಜ್ವರ ಇದ್ದವರು ಮಾತ್ರ ಬರಬೇಡಿ ಎಂದರು. ಶನಿವಾರ ಹೋದೆ. ಕೊನೆಯ ಹಾಸಿಗೆಯಲ್ಲಿ ಬೇರೆ ಮಗು ಇತ್ತು. ಅಕ್ಕಲಕೋಟೆಯ ಹುಡುಗ ಹಿಂದಿನ ವಾರವೇ ಊರಿಗೆ ಹೋಗಿದ್ದನಂತೆ. ಖುಷಿಯ ಸುದ್ದಿಯೇ. ಆದರೂ ಚೆಂಡು ಹಿಡಿದು ಸ್ವಲ್ಪ ಹೊತ್ತು ಪೆದ್ದನ ಹಾಗೆ ನಿಂತಿದ್ದೆ.

ಆಮೇಲೆ ಎರಡು ಹಾಸಿಗೆಗಳ ನಡುವೆ ಒಂದು ಬಕೆಟ್ ಇಟ್ಟೆವು. ಮಲಗಿದಲ್ಲಿಂದಲೇ ಗುರಿ ಎಸೆತ. ಅಂಕ ಬರೆಯುವ ಕೆಲಸ ನನ್ನದು, ಅದೊಂದು ಮಾತ್ರ ನನಗೆ ಚೆನ್ನಾಗಿ ಬರುತ್ತದೆ. ಮಾತೇ ಆಡದಿದ್ದ ಒಂದು ಹುಡುಗಿ, ನಾನು ಒಂದು ಅಂಕ ಕಡಿಮೆ ಬರೆದೆನೆಂದು ಜಗಳಕ್ಕೆ ಬಂದಳು. ನನ್ನ ಸರ್ವೀಸಿನಲ್ಲಿ ತಪ್ಪು ತೋರಿಸಿದವರ ಮೇಲೆ ಅಷ್ಟು ಪ್ರೀತಿ ಎಂದೂ ಬಂದಿರಲಿಲ್ಲ.

ಈಗಲೂ ಹಬ್ಬಕ್ಕೆ ಹೋಗುತ್ತೇವೆ. ಲಾಡು ಇರುತ್ತದೆ, ಬೇಡ ಎನ್ನುವುದಿಲ್ಲ. ಆದರೆ ಹಬ್ಬ ಅಲ್ಲದ ಶನಿವಾರಗಳಲ್ಲೂ ಹೋಗುತ್ತೇವೆ. ಫೋಟೋ ತೆಗೆಯುವುದನ್ನು ಬಿಟ್ಟಿದ್ದೇವೆ. ಬಾಗಿಲಲ್ಲಿ ನಿಂತು, ಯಾವ ಮಗುವಿಗೆ ಏನಾಗಿದೆ ಎಂದು ಮೊದಲು ಕೇಳುವುದಿಲ್ಲ. ಏನು ಆಗಿಲ್ಲ ಎಂದು ಕೇಳುತ್ತೇವೆ.

ನಿಮ್ಮ ಊರಿನಲ್ಲೂ ಅಂಥದೊಂದು ವಾರ್ಡು ಇರುತ್ತದೆ. ಹೋಗುವ ಮುನ್ನ ಸಿಸ್ಟರಿಗೊಂದು ಫೋನು ಮಾಡಿ. ಚೆಂಡು ಮರೆಯಬೇಡಿ.