ಚಾಪೆಯ ಮೇಲಿನ ಚಿಕಿತ್ಸೆ: ದೋರನಹಳ್ಳಿ ಪರಿಸರದಲ್ಲಿ ತಲೆಸುತ್ತು ಮತ್ತು ಸಮತೋಲನದ ಭೌತಚಿಕಿತ್ಸೆ

ಶಹಾಪುರ ತಾಲ್ಲೂಕಿನ ದೋರನಹಳ್ಳಿಯಂಥ ಊರುಗಳಲ್ಲಿ ತಲೆಸುತ್ತು ಎಂದೊಡನೆ ನೆನಪಾಗುವುದು ಸಲೈನ್ ಬಾಟಲಿ. ಬಿಸಿಲಲ್ಲಿ ಹತ್ತಿ ಬಿಡಿಸಿ ಬಸವಳಿದವರಿಗೆ ಅದು ಸರಿಯೇ. ಆದರೆ ‘ಮಗ್ಗಲಾ ಹೊಳ್ಳಿದ್ರ ಮನಿ ತಿರಗಿದಂಗ ಆಗ್ತದ್ರಿ’ ಎನ್ನುವವರ ತೊಂದರೆ ರಕ್ತದಲ್ಲಿಲ್ಲ, ಬಹುಪಾಲು ಒಳಕಿವಿಯಲ್ಲಿದೆ.

ಅಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳು ಕಳಚಿ ಅರ್ಧವರ್ತುಲ ನಾಳಕ್ಕೆ, ಹೆಚ್ಚಾಗಿ ಹಿಂಬದಿಯ ನಾಳಕ್ಕೆ, ಜಾರುತ್ತವೆ. ಬಗ್ಗಿದಾಗ, ಅಟ್ಟದತ್ತ ಕತ್ತೆತ್ತಿದಾಗ, ಮಗ್ಗುಲಾದಾಗ ಅವು ಉರುಳಿ ನಾಳದ ದ್ರವವನ್ನು ಕದಡುತ್ತವೆ. ಬಿಪಿಪಿವಿ ಎಂಬ ಈ ಕಾಯಿಲೆಯ ಲಕ್ಷಣಗಳನ್ನು ವೈದ್ಯ ಬಾರಾನಿ 1921ರಲ್ಲಿ ದಾಖಲಿಸಿದ. ಡಿಕ್ಸ್ ಮತ್ತು ಹಾಲ್‌ಪೈಕ್ 1952ರಲ್ಲಿ ಪರೀಕ್ಷಾಕ್ರಮ ಕೊಟ್ಟರು. ಹರಳನ್ನು ಮರಳಿ ಸ್ವಸ್ಥಾನಕ್ಕೆ ಸಾಗಿಸುವ ಎಪ್ಲಿಯ ವಿಧಾನ 1992ರಲ್ಲಿ ಪ್ರಕಟವಾಯಿತು. ಇದಕ್ಕೆ ಸ್ಕ್ಯಾನೂ ಬೇಡ, ಯಂತ್ರವೂ ಬೇಡ. ತಲೆಸುತ್ತಿನ ಮಾತ್ರೆ ವಾಂತಿ, ಸಂಕಟ ತಗ್ಗಿಸೀತು, ಹರಳನ್ನು ಕದಲಿಸದು. ದಿನಗಟ್ಟಲೆ ನುಂಗಿದರೆ ಮಿದುಳು ಹೊಸ ಸಮತೋಲನ ಕಲಿಯುವುದೂ ತಡವಾಗುತ್ತದೆ.

ಪಠ್ಯಪುಸ್ತಕದ ಚಿತ್ರದಲ್ಲಿ ಎತ್ತರದ ಮಂಚವಿರುತ್ತದೆ, ರೋಗಿಯ ತಲೆ ಅದರ ಅಂಚಿನಿಂದ ಕೆಳಗೆ ಇಳಿಬಿದ್ದಿರುತ್ತದೆ. ನೆಲದಲ್ಲಿ ಮಲಗುವ ಮನೆಯಲ್ಲಿ ಚಾಪೆಯೇ ಸಾಕು: ಹೆಗಲ ಕೆಳಗೆ ಮಡಿಸಿದ ಕೌದಿ ಇಟ್ಟರೆ ಕತ್ತು ತಾನಾಗಿ ಹಿಂದಕ್ಕೆ ವಾಲುತ್ತದೆ. ಬಲಗಿವಿಯ ತೊಂದರೆಯಾದರೆ ಕೂತಲ್ಲೇ ತಲೆಯನ್ನು 45 ಡಿಗ್ರಿ ಬಲಕ್ಕೆ ತಿರುಗಿಸಿ ಬೇಗನೆ ಅಂಗಾತ ಮಲಗಿಸಬೇಕು. ಕೆಲವು ಕ್ಷಣ ತಡೆದು ಕಣ್ಣುಗುಡ್ಡೆ ಮೇಲ್ಮುಖವಾಗಿ, ತಿರುಚಿಕೊಂಡು ಮಿಡಿಯತೊಡಗಿ ನಿಮಿಷದೊಳಗೆ ನಿಂತರೆ ರೋಗ ಖಚಿತ. ಅಲ್ಲಿಂದ ತಲೆಯನ್ನು 90 ಡಿಗ್ರಿ ಎಡಕ್ಕೆ ತಿರುಗಿಸಿ, ಮೈಯನ್ನೂ ಎಡಮಗ್ಗುಲಿಗೆ ಹೊರಳಿಸಿ ಮುಖವನ್ನು ನೆಲದತ್ತ ತಂದು, ಕೊನೆಗೆ ಎಬ್ಬಿಸಿ ಕೂರಿಸುವುದು. ಪ್ರತಿ ಭಂಗಿಯಲ್ಲೂ ಅರ್ಧ ನಿಮಿಷವಾದರೂ ಕಾಯಬೇಕು. ಯಾವ ಕಿವಿ ಎಂದು ತಿಳಿಯದೆ ಹೊರಳಿಸುವುದು ವ್ಯರ್ಥ ಶ್ರಮ. ಹಾಗಾಗಿ ಮೊದಲ ಸಲ ತರಬೇತಾದವರ ಕೈಯೇ ಬೇಕು, ಕತ್ತಿನ ಮೂಳೆಯ ತೊಂದರೆ ಇರುವವರಿಗಂತೂ ವಿಶೇಷ ಎಚ್ಚರ ಬೇಕು. ಮಾತು ತೊದಲುವುದು, ಎರಡೆರಡು ಕಾಣುವುದು, ನಿಲ್ಲಲೇ ಆಗದಿರುವುದು ಕಂಡರೆ ಅದು ಪಾರ್ಶ್ವವಾಯು ಇದ್ದೀತು; ಚಾಪೆ ಬಿಟ್ಟು ತಕ್ಷಣ ದೊಡ್ಡಾಸ್ಪತ್ರೆಗೆ ಒಯ್ಯಬೇಕು.

ಸುತ್ತು ನಿಂತರೂ ಕೆಲವರಿಗೆ, ಮುಖ್ಯವಾಗಿ ವಯಸ್ಸಾದವರಿಗೆ, ಜೋಲಿ ಉಳಿಯುತ್ತದೆ. ಸಮತೋಲನಕ್ಕೆ ಕಣ್ಣು, ಒಳಕಿವಿ, ಅಂಗಾಲಿನ ಸ್ಪರ್ಶ ಮೂರೂ ಬೇಕು. ಸಕ್ಕರೆ ಕಾಯಿಲೆಯಿಂದ ಅಂಗಾಲು ಜೋಮು ಹಿಡಿದವರು ಕತ್ತಲಲ್ಲಿ ಹೊಲದ ಬದುವಿಗೆ ಕಾಲಿಟ್ಟರೆ ಆಸರೆ ಮೂರರಿಂದ ಒಂದಕ್ಕಿಳಿಯುತ್ತದೆ. ಸಮತೋಲನ ಮರಳಿಸಲು 1940ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕಾಥಾರ್ನ್ ಮತ್ತು ಕುಕ್ಸಿ ರೂಪಿಸಿದ ವ್ಯಾಯಾಮಗಳು ಇಂದಿಗೂ ಬಳಕೆಯಲ್ಲಿವೆ. ಆದರೆ ಆಸ್ಪತ್ರೆಯ ಗಚ್ಚಿನ ನೆಲದಲ್ಲಿ ನೆಟ್ಟಗೆ ನಡೆದವರು ನಾರಾಯಣಪುರ ಕಾಲುವೆಯ ನೀರುಂಡ ಗದ್ದೆಯ ಬದುವಿನಲ್ಲೂ ಹಾಗೇ ನಡೆದಾರೆಂಬ ಖಾತ್ರಿ ಇಲ್ಲ. ಆದ್ದರಿಂದ ಅಭ್ಯಾಸದ ಕ್ರಮವನ್ನೇ ಊರಿಗೆ ಹೊಂದಿಸಬೇಕೆಂಬುದು ನನ್ನ ವಾದ: ಮೊದಲು ಗೋಡೆ ಹಿಡಿದು ನಿಂತು ಒಂದು ಗುರುತಿನ ಮೇಲೆ ದೃಷ್ಟಿ ನೆಟ್ಟು ತಲೆಯಾಡಿಸುವುದು, ಆಮೇಲೆ ಅಂಗಳದಲ್ಲಿ ಹೆಜ್ಜೆಗೆ ಹೆಜ್ಜೆ ಹಚ್ಚಿ ನಡೆಯುವುದು, ಅದು ಕೈಗೂಡಿದ ಮೇಲೆ ಹಗಲಲ್ಲಿ, ಜೊತೆಗೊಬ್ಬರಿದ್ದಾಗ, ಒಣಗಿದ ಅಗಲ ಬದುವಿನ ಮೇಲೆ.