ಗುಳೆ ಎದ್ದವರು, ಗುಳೆ ಹೋದವರು

ದಢೇಸುಗೂರಿನ ಹತ್ತಿರ ತುಂಗಭದ್ರೆಯ ಸೇತುವೆ ದಾಟಿದರೆ ರಾಯಚೂರು ಜಿಲ್ಲೆ ಮುಗಿದು ಸಿರುಗುಪ್ಪ ಸೀಮೆ ಶುರುವಾಗುತ್ತದೆ. ಲಿಂಗಸುಗೂರು, ಮಸ್ಕಿ, ಸಿಂಧನೂರು ಕಡೆಯಿಂದ ಬಳ್ಳಾರಿ ಮೇಲೆ ಬೆಂಗಳೂರಿಗೆ ಹೋಗುವ ಬಸ್ಸುಗಳು ಹಾಯುವುದು ಇಲ್ಲೇ. ಸುಗ್ಗಿ ಮುಗಿದ ಮೇಲೆ ಆ ಬಸ್ಸುಗಳಲ್ಲಿ ಜೋಳದ ಚೀಲ, ಸುತ್ತಿ ಕಟ್ಟಿದ ಹಾಸಿಗೆ, ಪ್ಲಾಸ್ಟಿಕ್ ಕೊಡ, ಸಲಿಕೆ, ಬುಟ್ಟಿ ಕಾಣಿಸುತ್ತವೆ. ಪತ್ರಿಕೆಗಳು ಇದನ್ನು ಗುಳೆ ಎಂದು ಬರೆಯುತ್ತವೆ. ಬಸ್ಸಿನೊಳಗೆ ಕುಂತವರನ್ನು ಕೇಳಿ ನೋಡಿ, "ದುಡಿಯಾಕ ಹೊಂಟೀವ್ರಿ" ಎನ್ನುತ್ತಾರೆ. ಗುಳೆ ಎಂಬ ಮಾತನ್ನು ಅವರು ತಮ್ಮ ಬಗ್ಗೆ ತಾವಾಗಿ ಆಡುವುದು ಕಡಿಮೆ. ಅದು ಹಿಂದೆ ಉಳಿದವರು ಹೋದವರ ಬಗ್ಗೆ ಆಡುವ ಮಾತು.

ಹಳಬರ ಬಾಯಲ್ಲಿ ಗುಳೆ ಏಳುತ್ತಿತ್ತು. ದಂಡು ಬಂತೆಂದರೆ, ಪ್ಲೇಗು ಬಿತ್ತೆಂದರೆ, ಮಳೆ ಕೈಕೊಟ್ಟಿತೆಂದರೆ ಊರಿಗೆ ಊರೇ ಗುಳೆ ಎದ್ದಿತು ಎನ್ನುತ್ತಿದ್ದರು. 1876–78ರ ಬರದಲ್ಲಿ, ಜನ ಧಾತು ಬರ ಎಂದು ಕರೆದ ಆ ಕಾಲದಲ್ಲಿ, ಈ ಸೀಮೆ ಕಂಡದ್ದು ಅಂಥ ಗುಳೆಯನ್ನೇ. ಈ ಅರ್ಥದ ಏಳು ಎಂಬ ಕ್ರಿಯಾಪದ ಒಂಟಿ ಮನುಷ್ಯನಿಗೆ ಹೊಂದುವಂಥದ್ದಲ್ಲ. ಧೂಳು ಏಳುತ್ತದೆ, ದಂಗೆ ಏಳುತ್ತದೆ, ಹಕ್ಕಿಯ ಹಿಂಡು ಏಳುತ್ತದೆ. ಗುಳೆಯೂ ಹಾಗೆಯೇ ಗುಂಪಿನ ಕೆಲಸವಾಗಿತ್ತು. ಮುದುಕರು, ಮಕ್ಕಳು, ದನಕರು, ಊರದೇವತೆ ಎಲ್ಲರೂ ಕೂಡಿ ಏಳುತ್ತಿದ್ದರು. ಚಿತ್ರದುರ್ಗ, ದಾವಣಗೆರೆ ಸೀಮೆಯ ಕೆಲವು ಊರುಗಳಲ್ಲಿ ಇವತ್ತಿಗೂ ಹೊರಬೀಡು ನಡೆಯುತ್ತದೆ. ಅವತ್ತು ಮನೆಗೆ ಬೀಗ ಹಾಕಿ, ಇಡೀ ಊರು ಹೊಲದಲ್ಲಿ ಅಡುಗೆ ಮಾಡಿ ಉಂಡು ಸಂಜೆಗೆ ಮರಳುತ್ತದೆ. ಊರು ಬಿಡುವ ಭಯವನ್ನು ನಮ್ಮ ಜನ ವರ್ಷಕ್ಕೊಂದು ದಿನ ಹಬ್ಬ ಮಾಡಿ ಪಳಗಿಸಿದ ರೀತಿ ಇದು ಎಂದು ನನಗನ್ನಿಸುತ್ತದೆ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಹೆಸರನ್ನೂ ಅಲ್ಲಿನವರು ಗುಳೆಗೇ ಜೋಡಿಸುತ್ತಾರೆ. ಬಿಟ್ಟು ಬಂದವರು ನೆಲೆನಿಂತು, ಮಗ್ಗ ಹೂಡಿ, ಖಣಕ್ಕೆ ಹೆಸರಾದ ಊರು ಅದು.

ಈಗ ಗುಳೆ ಏಳುವುದು ಅಪರೂಪ, ಗುಳೆ ಹೋಗುವುದೇ ಹೆಚ್ಚು. ಹೋಗುವವರು ಇಬ್ಬರು, ಗಂಡ ಮತ್ತು ಹೆಂಡತಿ. ಕಬ್ಬು ಕಡಿಯಲು ಕರೆದೊಯ್ಯುವವರ ಲೆಕ್ಕದಲ್ಲಿ ಇವರ ಹೆಸರು ಜೋಡಿ. ಮುಂಗಡ ಕೊಡುವುದು ಜೋಡಿಗೆ, ಎಷ್ಟು ಜೋಡಿ ಬಂದವು ಎಂದು ಎಣಿಸುವುದೂ ಹಾಗೇ. ಲಗ್ನದ ಮನೆಯಲ್ಲಿ ಹರಸುವಾಗ ಆಡಿದ ಮಾತು ಕೂಲಿಯ ಅಳತೆಯಾಗಿ ನಿಲ್ಲುತ್ತದೆ. ಬೆಂಗಳೂರಿನ ಕಟ್ಟಡ ಕೆಲಸದಲ್ಲಿ ಅದೇ ಜೋಡಿಯನ್ನು ಬಿಡಿಸಿ ಗಂಡಾಳು, ಹೆಣ್ಣಾಳು ಎನ್ನುತ್ತಾರೆ, ಕೂಲಿ ಬೇರೆ ಬೇರೆ. ಹೆಣ್ಣಾಳಿನ ಕೂಲಿ ಕಡಿಮೆ.

ದಢೇಸುಗೂರಿನ ಸುತ್ತ ನಿಂತು ಗುಳೆ ಎಂಬ ಮಾತನ್ನು ಯೋಚಿಸುವಾಗ ಇನ್ನೊಂದು ಮಾತು ತಾನಾಗಿ ಎದುರು ಬರುತ್ತದೆ, ಕ್ಯಾಂಪು. ತುಂಗಭದ್ರಾ ಜಲಾಶಯಕ್ಕೆ 1945ರಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ಕಾಲುವೆಗೆ ನೀರು ಬಂತು. ನೀರಿನ ಹಿಂದೆಯೇ ಆಂಧ್ರದ ಕರಾವಳಿ ಜಿಲ್ಲೆಗಳ ರೈತ ಕುಟುಂಬಗಳು ಬಂದು ಎಡದಂಡೆ ಕಾಲುವೆಯ ನೆಲದಲ್ಲಿ ಭತ್ತ ನಾಟಿ ಮಾಡಿದವು. ಆಮೇಲೆ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಲಿ ನಿರಾಶ್ರಿತರಿಗೂ ಸಿಂಧನೂರಿನ ಹತ್ತಿರ ನೆಲೆ ಸಿಕ್ಕಿತು. ಇವರೆಲ್ಲ ಇಳಿದ ಜಾಗಕ್ಕೆ ಕ್ಯಾಂಪು ಎಂದೇ ಹೆಸರು. ಡೇರೆ ಕಿತ್ತು ಎಷ್ಟೋ ಕಾಲವಾಗಿದೆ, ತಾರಸಿ ಮನೆ, ಗುಡಿ, ಶಾಲೆ, ಅಕ್ಕಿ ಗಿರಣಿ ಎಲ್ಲ ಬಂದಿವೆ. ಅಲ್ಲೇ ಹುಟ್ಟಿ ಮೊಮ್ಮಕ್ಕಳನ್ನು ಕಂಡವರಿಗೂ ಕ್ಯಾಂಪಿನವರು ಎಂಬ ಹೆಸರು ಬಿಟ್ಟಿಲ್ಲ. ಬಂದವರನ್ನು ಬಂದವರೆಂದೇ ಕರೆಯುವ ಈ ರೂಢಿ ನಮ್ಮಲ್ಲೂ ಗಟ್ಟಿಯಾಗಿದೆ ಎನ್ನುವುದನ್ನು ಒಪ್ಪಿಕೊಳ್ಳಬೇಕು.

ಒಂದೇ ತಾಲ್ಲೂಕಿನಲ್ಲಿ ಕ್ಯಾಂಪೂ ಇದೆ, ಗುಳೆಯೂ ಇದೆ. ಕಾಲುವೆಯ ಕೊನೆಭಾಗಕ್ಕೆ ನೀರು ಹರಿಯದ ವರ್ಷ, ಎರಡನೇ ಬೆಳೆಗೆ ನೀರಿಲ್ಲವೆಂದ ವರ್ಷ ಕೂಲಿಯವರಿಗೆ ನಾಟಿಯೂ ಇಲ್ಲ, ಕಳೆಯೂ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಈ ಭಾಗದ ಊರುಗಳು ಕಂಗಾಲಾದದ್ದು ಬರೀ ರೈತರ ಸಲುವಾಗಿ ಅಲ್ಲ. ಮಸ್ಕಿ, ಲಿಂಗಸುಗೂರಿನ ಮಳೆಯಾಶ್ರಿತ ಹೊಲಗಳವರಿಗೆ ಆ ಕಾಲುವೆಯ ಮಾತೂ ಇಲ್ಲ, ಮಳೆ ತಪ್ಪಿದರೆ ಬಸ್ಸು. 2006ರಲ್ಲಿ ದೇಶದ 200 ಜಿಲ್ಲೆಗಳಲ್ಲಿ ಉದ್ಯೋಗ ಖಾತರಿ ಶುರುವಾದಾಗ ಕರ್ನಾಟಕದಿಂದ ಆರಿಸಿದ ಐದು ಜಿಲ್ಲೆಗಳಲ್ಲಿ ರಾಯಚೂರೂ ಇತ್ತು. ನೂರು ದಿನದ ಕೆಲಸ ಬಂತು, ಆದರೂ ಬಸ್ಸು ನಿಲ್ಲಲಿಲ್ಲ.

ಗುಳೆ ಎಂಬ ಮಾತಿನ ಕೊರತೆ ಇರುವುದು ಇಲ್ಲಿಂದ ಮುಂದೆ. ಅದು ಹೊರಡುವುದನ್ನು ಹೇಳುತ್ತದೆ, ಮುಟ್ಟುವುದನ್ನು ಹೇಳುವುದಿಲ್ಲ. ಊರಿನಲ್ಲಿ ಉಳಿದ ಅತ್ತೆ ಮರುದಿನ ಫೋನಿನಲ್ಲಿ ಕೇಳುವುದು "ಮುಟ್ಟಿದ್ರೇನವಾ? ಉಂಡ್ರೇನು?" ಎಂದು. "ಮುಟ್ಟೀವಿ ಅತ್ತಿ, ರೊಟ್ಟಿ ಇನ್ನಾ ಅದಾವ" ಎನ್ನುತ್ತಾಳೆ ಸೊಸೆ. ಊರಿಂದ ಕಟ್ಟಿಕೊಂಡು ಬಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಮುಗಿಯುವವರೆಗೆ ಊರಿನ ಊಟವೇ. ಆಮೇಲೆ ಶುರುವಾಗುತ್ತದೆ ಬೆಂಗಳೂರು.

ಮೇಸ್ತ್ರಿ ತೋರಿಸಿದ ಜಾಗದಲ್ಲಿ ಶೆಡ್ಡು ಏಳಬೇಕು. ನಾಲ್ಕು ಸರ್ವೆ ಕಂಬ, ಮೇಲೆ ತಗಡು ಅಥವಾ ನೀಲಿ ತಾಡಪತ್ರಿ, ಗೋಡೆಗೆ ಹಳೆಯ ಫ್ಲೆಕ್ಸು. ಮೂರು ಇಟ್ಟಿಗೆ ಕೂಡಿಸಿದರೆ ಒಲೆ, ಸೆಂಟ್ರಿಂಗ್ ಹಲಗೆಯ ಚೂರೇ ಕಟ್ಟಿಗೆ. ನೀರು ಟ್ಯಾಂಕರಿನದು, ಅದು ಬರುವ ಹೊತ್ತಿಗೆ ಡ್ರಮ್ಮು ಮುಂದಿಟ್ಟುಕೊಂಡು ಒಬ್ಬರು ನಿಲ್ಲಬೇಕು. ಹೆಣ್ಣುಮಗಳಿಗೆ ಎಲ್ಲಕ್ಕಿಂತ ದೊಡ್ಡ ಚಿಂತೆ ಬೆಳಕು ಹರಿಯುವ ಮುಂಚಿನದು. ಸ್ನಾನ, ಶೌಚಕ್ಕೆ ಮರೆ ಎಲ್ಲಿ? ಊರಲ್ಲಿ ಜೊತೆಗೆ ನಾಲ್ಕು ಮಂದಿ ಇರುತ್ತಿದ್ದರು, ಇಲ್ಲಿ ಸುತ್ತಲೂ ಕಿಟಕಿಗಳು.

ಅಂಗಡಿಗೆ ಹೋಗಿ ಉಳ್ಳಾಗಡ್ಡಿ ಕೊಡ್ರಿ ಎಂದರೆ ಅಂಗಡಿಯವನು ಮುಖ ನೋಡುತ್ತಾನೆ. ಬೆರಳು ಮಾಡಿ ತೋರಿಸಿದ ಮೇಲೆ "ಓ, ಈರುಳ್ಳಿನಾ?" ತತ್ತಿ ಇಲ್ಲಿ ಮೊಟ್ಟೆ, ಕಸಬರಿಗೆ ಇಲ್ಲಿ ಪೊರಕೆ. ಕನ್ನಡದ ರಾಜಧಾನಿಯಲ್ಲಿ, ಕನ್ನಡ ಬಿಟ್ಟು ಬೇರೆ ಬಾರದ ಹೆಣ್ಣುಮಗಳು ಕೈಸನ್ನೆ ಮಾಡಬೇಕಾಗುತ್ತದೆ. ಪರದೇಶ ಎಂದರೆ ಸಮುದ್ರದಾಚೆಯೇ ಆಗಬೇಕಿಲ್ಲ. ಕನ್ನಡದಲ್ಲಿ ಪರದೇಶಿ ಎಂದರೆ ದಿಕ್ಕಿಲ್ಲದವರು ಎಂದೂ ಅರ್ಥವಾದದ್ದು ಸುಮ್ಮನೆ ಅಲ್ಲ, ಪರಊರಿನಲ್ಲಿ ಒಬ್ಬಂಟಿಯಾಗಿ ನಿಂತವರ ಅನುಭವ ಆ ಪದದೊಳಗೆ ಸೇರಿಕೊಂಡಿದೆ. ಇಲ್ಲಿ ಅವರನ್ನು ಯಾರೂ ಗುಳೆ ಬಂದವರು ಎನ್ನುವುದಿಲ್ಲ. ಲೇಬರ್, ಶೆಡ್ಡಿನವರು, ರಾಯಚೂರು ಕಡೆಯವರು ಎನ್ನುತ್ತಾರೆ. ಸಿಂಧನೂರಿನಲ್ಲಿ ಬಂದವರು ಕ್ಯಾಂಪಿನವರು, ಬೆಂಗಳೂರಿನಲ್ಲಿ ಬಂದವರು ಶೆಡ್ಡಿನವರು.

ಕಾನೂನೂ ಈ ಮೊದಲ ದಿನಗಳನ್ನು ಕಂಡಿಲ್ಲ. 1979ರಲ್ಲಿ ಬಂದ ವಲಸೆ ಕಾರ್ಮಿಕರ ಕಾಯ್ದೆ ರಾಜ್ಯದ ಗಡಿ ದಾಟಿದವರಿಗಾಗಿ ಮಾಡಿದ್ದು. ಮಸ್ಕಿಯಿಂದ ಬೆಂಗಳೂರಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಬಂದರೂ ಗಡಿ ದಾಟಿದಂತಾಗಲಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಿದೆ, ಅದಕ್ಕಾಗಿ ಕಟ್ಟಡದ ವೆಚ್ಚದ ಮೇಲೆ ಶೇಕಡಾ 1ರಷ್ಟು ಸೆಸ್ ವಸೂಲಾಗುತ್ತದೆ. ಆದರೆ ಅಲ್ಲಿ ಹೆಸರು ಬರೆಸಲು ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಹೊಸದಾಗಿ ಬಂದವರಿಗೆ ಆಸರೆ ಬೇಕಾಗುವುದು ಆ 90 ದಿನಗಳೊಳಗೇ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಿದ್ದಾಗ ಈ ಶೆಡ್ಡುಗಳಿಂದ ಜನ ಊರ ದಿಕ್ಕಿಗೆ ನಡೆದು ಹೊರಟರು. ಊರು ಮುಟ್ಟದೆ ದಾರಿಯಲ್ಲೇ ಪ್ರಾಣ ಬಿಟ್ಟವರಲ್ಲಿ ರಾಯಚೂರು ಜಿಲ್ಲೆಯವರೂ ಇದ್ದರು. ಅವತ್ತು ನಿಜವಾಗಿಯೂ ಗುಳೆ ಎದ್ದಿತ್ತು, ಹಳೆಯ ಅರ್ಥದಲ್ಲಿ, ಆದರೆ ಊರಿನ ಕಡೆಗೆ.

ಕೃಷ್ಣೆಯ ಆಚೆ ದಂಡೆಯ, ಜನ ಪಾಲಮೂರು ಎಂದೂ ಕರೆಯುವ ಮಹಬೂಬ್‌ನಗರದವರಿಗೂ ಇದೇ ಪಾಡು. ಪಾಲಮೂರು ಲೇಬರ್ ಎಂಬ ಹೆಸರಿನಲ್ಲಿ ಅವರು ದೇಶದ ಎಷ್ಟೋ ಅಣೆಕಟ್ಟುಗಳಿಗೆ ಮಣ್ಣು ಹೊತ್ತಿದ್ದಾರೆ. ಜಿಲ್ಲೆಯ ಹೆಸರೇ ಕೂಲಿಯ ಹೆಸರಾಗಿಬಿಟ್ಟಿತು. ರಾಯಚೂರಿಗೆ ಹಾಗಾಗಬಾರದು.

ಗುಳೆ ಎಂಬ ಪದವನ್ನು ಪ್ರತಿ ಬೇಸಿಗೆ ತಲೆಬರಹಕ್ಕೆ ತರುವ ಪತ್ರಿಕಾ ಮಿತ್ರರು ಖಾಲಿ ಮನೆಯ, ಬೀಗ ಹಾಕಿದ ಬಾಗಿಲಿನ ಚಿತ್ರದ ಜೊತೆಗೆ ಶೆಡ್ಡಿನ ಕಡೆಗೂ ಒಮ್ಮೆ ಬರಲಿ. ಬೆಂಗಳೂರಿನ ಓದುಗರಲ್ಲಿ ನನ್ನದು ಇನ್ನೂ ಚಿಕ್ಕ ಕೋರಿಕೆ. ನಿಮ್ಮ ಬೀದಿಯ ಕೊನೆಯಲ್ಲಿ ಹೊಸ ಶೆಡ್ಡು ಕಂಡರೆ, ಯಾವೂರಿನವರೆಂದು ಕೇಳಿ, ನೀರು ಎಲ್ಲಿ ಸಿಗುತ್ತದೆಂದು ಹೇಳಿ. ಜೊತೆಗೆ ಮಗು ಇದ್ದರೆ ಹತ್ತಿರದ ಸರ್ಕಾರಿ ಶಾಲೆಗೆ ನೀವೇ ಕರೆದೊಯ್ಯಿರಿ. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸಲು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅವಕಾಶವಿಲ್ಲ.